ಸ್ಟ್ರಕ್ಚರಲ್ ಜಿಯಾಲಜಿ ಫೀಲ್ಡ್ ಕೋರ್ಸ್: ಅದಿರು ಯಾವ ಕಡೆ ಇಳಿದಿದೆ ಅಂತ ಬಂಡೆ ಮುಂದೆ ನಿಂತೇ ಕಂಡುಹಿಡಿಯೋದು ಹೇಗೆ

ಎಕ್ಸ್‌ಪ್ಲೊರೇಷನ್ ಕೆಲಸದಲ್ಲಿರೋರು ಸ್ಟ್ರಕ್ಚರ್ ಫೀಲ್ಡ್ ಕೋರ್ಸ್‌ಗೆ ಬರೋಷ್ಟರಲ್ಲಿ ಸಾಮಾನ್ಯವಾಗಿ ಎರಡ್ಮೂರು ವರ್ಷ ಸ್ಯಾಂಪಲ್ ಹೊಡೆದು, ಕೋರ್ (ಡ್ರಿಲ್ ಮಾಡಿ ತೆಗೆದ ಕಲ್ಲಿನ ಕಂಬಿ) ಲಾಗ್ ಮಾಡಿ, ಅಸ್ಸೇ (ಲ್ಯಾಬ್ ಪರೀಕ್ಷೆ) ಟೇಬಲ್ ನೋಡಿ ನೋಡಿ ಕಣ್ಣು ಗ್ರೇಡ್ (ಅದಿರಲ್ಲಿ ಲೋಹ ಎಷ್ಟಿದೆ ಅನ್ನೋದು) ಕಡೆಗೇ ವಾಲಿರತ್ತೆ, ಕಾಲೇಜಲ್ಲಿ ಕಲಿತ ಸ್ಟೀರಿಯೋನೆಟ್ (ಬಂಡೆಯ ಮುಖ, ಗೆರೆಗಳ ದಿಕ್ಕನ್ನ ಹಾಳೆ ಮೇಲೆ ಹಾಕೋ ವೃತ್ತದ ಜಾಲ) ಅರ್ಧ ಮರೆತಿರತ್ತೆ. ಅಂಥವರಿಗೋಸ್ಕರಾನೇ ಇದನ್ನ ಬರೀತಿದೀನಿ. ಒಂದು ವಾರದ ಕೋರ್ಸ್ ಅಂದ್ಕೊಳ್ಳಿ, ಯಾವ ದಿನ ಏನು ಮಾಡ್ಬೇಕು, ಎಲ್ಲಿ ಜಾಸ್ತಿ ಹೊತ್ತು ಕೂತ್ಕೋಬೇಕು, ಯಾವ ತಪ್ಪು ದುಬಾರಿ ಆಗತ್ತೆ ಅನ್ನೋದು ಇದರಲ್ಲಿದೆ. ವಾರ ಪೂರ್ತಿ ನೀವು ಅಳೆಯೋ ಪ್ರತಿಯೊಂದು ನಂಬರ್ರೂ ಕೊನೆಗೆ ಒಂದೇ ಪ್ರಶ್ನೆಗೆ ಉತ್ತರ ಆಗ್ಬೇಕು: ಅದಿರು ನೆಲದೊಳಗೆ ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ಇಳೀತಿದೆ?

ಈ ಪ್ರಶ್ನೆ ನನಗೆ ಯಾಕೆ ಇಷ್ಟು ಮುಖ್ಯ ಅಂದ್ರೆ, ನಾನು ಕೆಲಸ ಶುರು ಮಾಡಿದ ಹೊಸದ್ರಲ್ಲಿ ಒಂದು ಪ್ರಾಜೆಕ್ಟ್‌ನಲ್ಲಿ ಕ್ವಾರ್ಟ್ಜ್ ವೇನ್ (ಬಂಡೆ ಬಿರುಕಲ್ಲಿ ತುಂಬ್ಕೊಂಡ ಖನಿಜದ ಪಟ್ಟಿ) ಹೆಚ್ಚುಕಮ್ಮಿ ನೆಟ್ಟಗೆ ನಿಂತಿತ್ತು, ಮೇಲ್ಗಡೆ ಟ್ರೆಂಚ್‌ನಲ್ಲಿ ಒಳ್ಳೆ ಗ್ರೇಡ್ ಬಂದಿತ್ತು, ನಾವು ಅದರ ಸರಿಯಾಗಿ ಕೆಳಗೇ ಗುರಿಯಿಟ್ಟು ನಾಲ್ಕು ಹೋಲ್ ಹೊಡೆದ್ವಿ. ವೇನ್ ಸಿಕ್ತು, ಗ್ರೇಡ್ ಸಿಗ್ಲಿಲ್ಲ. ಆಮೇಲೆ ಟ್ರೆಂಚ್ ಗೋಡೆ ತೊಳೆದು ನೋಡಿದ್ರೆ ಬಂಡೆ ಮೇಲೆ ಲಿನಿಯೇಷನ್ (ಒಂದೇ ದಿಕ್ಕಿಗೆ ಸಾಲಾಗಿರೋ ಸಣ್ಣ ಗೆರೆಗಳು) ಉತ್ತರಕ್ಕೆ ಸುಮಾರು 40 ಡಿಗ್ರಿ ಇಳೀತಿತ್ತು, ಗ್ರೇಡ್ ಚೆನ್ನಾಗಿರೋ ಆ ಕಂಬದಂಥ ಭಾಗ, ಓರ್ ಶೂಟ್ ಅಂತೀವಲ್ಲ, ಅದೂ ಅದೇ ದಿಕ್ಕಿಗೆ ಹೋಗ್ತಿತ್ತು. 40 ಡಿಗ್ರಿ ಪ್ಲಂಜ್ (ಗೆರೆ ಮಟ್ಟಸದಿಂದ ಕೆಳಗೆ ಇಳಿಯೋ ಓರೆ) ಅಂದ್ರೆ 100 ಮೀಟರ್ ಆಳಕ್ಕೆ ಹೋಗೋಷ್ಟರಲ್ಲಿ ಶೂಟ್ ಸ್ಟ್ರೈಕ್ (ಓರೆ ಮುಖದ ಮೇಲೆ ಮಟ್ಟಸ ಗೆರೆ ಹೋಗೋ ದಿಕ್ಕು) ಉದ್ದಕ್ಕೆ ಹತ್ರಹತ್ರ 120 ಮೀಟರ್ ಆಚೆ ಸರಿದಿರತ್ತೆ. ನಾವು ಅದರ ಪಕ್ಕದಲ್ಲಿ ಹೊಡೀತಿದ್ವಿ. ಆ ಲಿನಿಯೇಷನ್ ಅಳೆಯೋಕೆ ಬೇಕಾಗಿದ್ದು ಒಂದು ಬಕೆಟ್ ನೀರು, ಒಂದು ಬ್ರಷ್, ಐದು ನಿಮಿಷ.

ಹೊರಡೋ ಮುಂಚೆ

ಕಂಪಾಸ್‌ನಲ್ಲಿ ಕ್ಲೈನೋಮೀಟರ್ (ಓರೆ ಅಳೆಯೋ ಸಾಧನ) ಇರ್ಲೇಬೇಕು, ಬ್ರಂಟನ್ ಆಗ್ಲಿ ಸಿಲ್ವಾ ಆಗ್ಲಿ ನಿಮ್ಮ ಕೈಗೆ ಒಗ್ಗಿರೋದು ತಗೊಳ್ಳಿ. ಕೋರ್ಸ್ ನಡೆಯೋ ಜಾಗದ ಮ್ಯಾಗ್ನೆಟಿಕ್ ಡೆಕ್ಲಿನೇಷನ್ (ಸೂಜಿ ತೋರಿಸೋ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಿನ ಕೋನ) ಎಷ್ಟು ಅಂತ ನೋಡಿ ಸೆಟ್ ಮಾಡಿ, ಸೆಟ್ ಮಾಡಿದೀನಿ ಅಂತ ನೋಟ್‌ಬುಕ್ ಮೊದಲ್ನೇ ಪುಟದಲ್ಲಿ ತಾರೀಖು ಹಾಕಿ ಬರೀರಿ, ಇಲ್ಲಾಂದ್ರೆ ಮೂರ್ನೇ ದಿನ ಇಬ್ಬರ ಡೇಟಾ ಒಂದಕ್ಕೊಂದು ತಾಳೆ ಆಗದೆ ಯಾರದ್ದು ಸರಿ ಅಂತ ಗೊತ್ತಾಗದೆ ಒದ್ದಾಡ್ತೀರ. ಹ್ಯಾಂಡ್ ಲೆನ್ಸ್, ಪ್ರೊಟ್ರಾಕ್ಟರ್, ಚೂಪಾದ ಪೆನ್ಸಿಲ್, ಕಲರ್ ಪೆನ್ಸಿಲ್, ಟ್ರೇಸಿಂಗ್ ಶೀಟ್, ಗುಂಡುಪಿನ್ನು, ಸಣ್ಣ ಬ್ರಷ್, ನೀರಿನ ಸ್ಪ್ರೇ ಬಾಟಲಿ ಇಟ್ಕೊಳ್ಳಿ. ಸುತ್ತಿಗೆ ಜೊತೆ ಸೇಫ್ಟಿ ಗ್ಲಾಸ್ ಕಡ್ಡಾಯ, ಒಂದು ಸುತ್ತಿಗೆ ಮೇಲೆ ಇನ್ನೊಂದು ಸುತ್ತಿಗೆ ಇಟ್ಟು ಹೊಡೀಬೇಡಿ, ಉಕ್ಕಿನ ಚೂರು ಹಾರಿದ್ರೆ ಕಣ್ಣು ಹೋಗತ್ತೆ. ಹಳೇ ಗಣಿ ಗುಂಡಿ ಇರೋ ಜಾಗದಲ್ಲಿ ಒಬ್ಬೊಬ್ರೇ ಓಡಾಡ್ಬೇಡಿ.

ಇನ್ನೊಂದು, ನಮ್ಮಂಥವರ ಜೇಬಲ್ಲಿ ಯಾವಾಗ್ಲೂ ಪೆನ್ ಮ್ಯಾಗ್ನೆಟ್ ಇರತ್ತೆ, ಮ್ಯಾಗ್ನೆಟೈಟ್ ಇದೆಯಾ ಅಂತ ನೋಡೋಕೆ. ಅದನ್ನ ಎದೆ ಜೇಬಲ್ಲಿ ಇಟ್ಕೊಂಡು ಕಂಪಾಸ್ ಹಿಡಿದ್ರೆ ಸೂಜಿ ಬಂಡೆ ಮಾತು ಕೇಳಲ್ಲ, ನಿಮ್ಮ ಜೇಬಿನ ಮಾತು ಕೇಳತ್ತೆ. ಬ್ಯಾಗಿಗೆ ಹಾಕಿ, ಬ್ಯಾಗ್ ದೂರ ಇಡಿ. ಫೋನೂ ಅಷ್ಟೇ. ಫೋನ್ ಆ್ಯಪ್‌ನಲ್ಲಿ ಅಳೆಯೋರು ದಿನಕ್ಕೆ ನಾಲ್ಕೈದು ಸಲ ಅದೇ ಪ್ಲೇನ್ (ಬಂಡೆಯ ಚಪ್ಪಟೆ ಮುಖ) ಮೇಲೆ ನಿಜವಾದ ಕಂಪಾಸ್ ಇಟ್ಟು ಹೋಲಿಸಿ ನೋಡಿ, ಫೋನ್ ಸೆನ್ಸರ್ ಸದ್ದಿಲ್ಲದೆ ಹತ್ತಿಪ್ಪತ್ತು ಡಿಗ್ರಿ ತಪ್ಪಿಹೋಗೋದು ನಾನೇ ನೋಡಿದೀನಿ.

ಮೊದಲ್ನೇ ದಿನ: ಎಲ್ಲರೂ ಒಂದೇ ಬಂಡೆ ಅಳೀರಿ

ಮೊದಲ್ನೇ ದಿನ ಮ್ಯಾಪಿಂಗ್ ಬೇಡ. ಒಂದು ಒಳ್ಳೆ ಔಟ್‌ಕ್ರಾಪ್ (ನೆಲದ ಮೇಲೆ ತೆರೆದು ಕಾಣೋ ಬಂಡೆ) ಆರಿಸಿ, ಹತ್ತು ಜನ ಇದ್ರೆ ಹತ್ತೂ ಜನ ಅದೇ ಪ್ಲೇನ್, ಅದೇ ಲಿನಿಯೇಷನ್ ಅಳೆದು, ಒಬ್ಬರದ್ದು ಇನ್ನೊಬ್ರು ನೋಡದೆ ಬರ್ಕೊಂಡು, ಆಮೇಲೆ ಒಟ್ಟಿಗೆ ಓದಿ. ಅಲ್ಲಿ ಬರೋ ವ್ಯತ್ಯಾಸ ನೋಡಿದ್ಮೇಲೆ ತಮ್ಮ ಹಳೇ ಡೇಟಾ ಬಗ್ಗೆ ಎಲ್ಲರಿಗೂ ಅನುಮಾನ ಬರತ್ತೆ, ಬರ್ಬೇಕು ಕೂಡ.

ಬರೆಯೋ ಕ್ರಮ ಒಂದೇ ಇರ್ಲಿ. ಒಬ್ರು 045/60 ಅಂತ ಬರೀತಾರೆ, ಅವರ ಮನಸ್ಸಲ್ಲಿ 045 ಅನ್ನೋದು ಸ್ಟ್ರೈಕ್, ಬಲಗೈ ನಿಯಮದ ಪ್ರಕಾರ (ಸ್ಟ್ರೈಕ್ ಕಡೆ ಮುಖ ಮಾಡಿದ್ರೆ ಪ್ಲೇನ್ ಬಲಕ್ಕೆ ವಾಲಿರತ್ತೆ) ಡಿಪ್ (ಪ್ಲೇನ್ ವಾಲಿರೋ ಓರೆ) ಆಗ್ನೇಯಕ್ಕೆ, ಅಂದ್ರೆ 135 ಕಡೆಗೆ. ಇನ್ನೊಬ್ರು ಅದನ್ನೇ ಡಿಪ್ ಡೈರೆಕ್ಷನ್ ಅಂತ ಓದ್ತಾರೆ, ಪ್ಲೇನ್ ಈಶಾನ್ಯಕ್ಕೆ ವಾಲಿಬಿಡತ್ತೆ. 90 ಡಿಗ್ರಿ ತಪ್ಪು, ಅದೂ ಕಂಪ್ಯೂಟರ್‌ಗೆ ಹೋದ್ಮೇಲೆ ಯಾರಿಗೂ ಕಾಣದ ತಪ್ಪು. ಸ್ಟ್ರೈಕಾ, ಡಿಪ್ ಡೈರೆಕ್ಷನ್ನಾ ಅಂತ ಕಾಲಂ ಮೇಲೆ ಪೂರ್ತಿ ಬರೀರಿ, ಜೊತೆಗೆ ಯಾವ ಕಡೆಗೆ ವಾಲಿದೆ ಅಂತ ಅಕ್ಷರದಲ್ಲೂ ಬರೆದ್ರೆ ಇನ್ನೂ ಒಳ್ಳೇದು.

ಲಿನಿಯೇಷನ್ ಅಳೆದಾಗ ಅದು ತಾನಿರೋ ಪ್ಲೇನ್ ಮೇಲೇ ಇರ್ಬೇಕಲ್ವಾ, ಅದನ್ನ ಅಲ್ಲೇ ಚೆಕ್ ಮಾಡ್ಬಹುದು. ಪ್ಲೇನ್ ಸ್ಟ್ರೈಕ್ 000, ಡಿಪ್ ಪೂರ್ವಕ್ಕೆ 60, ಲಿನಿಯೇಷನ್ ಟ್ರೆಂಡ್ (ಮೇಲಿಂದ ನೋಡಿದಾಗ ಗೆರೆ ಇಳಿಯೋ ದಿಕ್ಕು) 030 ಅಂತ ಬಂತು ಅಂದ್ಕೊಳ್ಳಿ. ಡಿಪ್‌ನ ಟ್ಯಾನ್, ಅದಕ್ಕೆ ಸ್ಟ್ರೈಕ್‌ಗೂ ಟ್ರೆಂಡ್‌ಗೂ ನಡುವಿನ ಕೋನದ ಸೈನ್ ಗುಣಿಸಿದ್ರೆ ಪ್ಲಂಜ್‌ನ ಟ್ಯಾನ್ ಸಿಗತ್ತೆ: 1.732 ಗುಣಿಸು 0.5, ಅಂದ್ರೆ 0.866, ಪ್ಲಂಜ್ ಸುಮಾರು 41. ನೋಟ್‌ಬುಕ್ಕಲ್ಲಿ 55 ಅಂತ ಇದ್ರೆ ಮೂರರಲ್ಲಿ ಒಂದು ನಂಬರ್ ತಪ್ಪು, ಮತ್ತೆ ಅಳೀರಿ. ಕಡಿದಾದ ಪ್ಲೇನ್ ಮೇಲೆ ಟ್ರೆಂಡ್ ಹಿಡಿಯೋದು ಕಷ್ಟ, ಅಲ್ಲಿ ಪಿಚ್ ಅಳೆಯೋದೇ ವಾಸಿ, ಪ್ಲೇನ್ ಮೇಲೆ ಪೆನ್ಸಿಲ್ಲಲ್ಲಿ ಮಟ್ಟಸ ಗೆರೆ ಎಳೆದು ಪ್ರೊಟ್ರಾಕ್ಟರ್ ಇಟ್ಟು ಲಿನಿಯೇಷನ್‌ವರೆಗಿನ ಕೋನ ಓದಿ, ಯಾವ ತುದಿಯಿಂದ ಅಳೆದ್ರಿ ಅನ್ನೋದನ್ನೂ ಬರೀರಿ.

ಬ್ಯಾಂಡೆಡ್ ಐರನ್ ಫಾರ್ಮೇಷನ್ ಥರ ಮ್ಯಾಗ್ನೆಟೈಟ್ ಇರೋ ಬಂಡೆ ಹತ್ರ ಕಂಪಾಸ್ ನಂಬ್ಬೇಡಿ. ಎರಡು ಕಲ್ಲು ಗುರುತು ಮಾಡಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಬೇರಿಂಗ್ ತಗೊಳ್ಳಿ, ಎರಡಕ್ಕೂ 180 ವ್ಯತ್ಯಾಸ ಬರ್ಲಿಲ್ಲ ಅಂದ್ರೆ ಸೂಜಿ ಎಳೀತಿದೆ ಅಂತ ಅರ್ಥ. ಅಂಥ ಕಡೆ ದೂರದಿಂದ ಸ್ಟ್ರೈಕ್ ಸೈಟ್ ಮಾಡಿ ತಗೊಳ್ಳಿ, ಡಿಪ್‌ಗೆ ಸೂಜಿ ಬೇಕಾಗಲ್ಲ, ಅದು ಸರಿ ಇರತ್ತೆ.

ಎರಡನೇ ದಿನ: ಮಡಿಕೆ ಓದೋದು

ಪದರ ಬಿದ್ದ ಬಂಡೆಯಲ್ಲಿ ಮೊದಲು ಬೆಡ್ಡಿಂಗ್ ಯಾವುದು, ಕ್ಲೀವೇಜ್ ಯಾವುದು ಅಂತ ಬಿಡಿಸ್ಕೊಳ್ಳಿ. ಬಣ್ಣ, ಕಣದ ಗಾತ್ರ ಬದಲಾಗೋದು ಬೆಡ್ಡಿಂಗ್, ಅದು S0. ಬಂಡೆ ಸೀಳೋ ಮಟ್ಟ ಕ್ಲೀವೇಜ್, S1. ಇವೆರಡೂ ಕೂಡೋ ಗೆರೆ ಮಡಿಕೆಯ ಆಕ್ಸಿಸ್‌ಗೆ ಸಮಾಂತರ, ಹಾಗಾಗಿ ಮಡಿಕೆ ಕಣ್ಣಿಗೆ ಕಾಣ್ದೇ ಇದ್ರೂ ಅದರ ಪ್ಲಂಜ್ ನಿಮ್ಮ ಅಂಗೈ ಅಗಲದ ಕಲ್ಲಲ್ಲಿ ಸಿಗತ್ತೆ. ಎರಡೂ ಒಂದೇ ಕಡೆಗೆ ವಾಲಿದ್ದು ಕ್ಲೀವೇಜ್ ಬೆಡ್ಡಿಂಗ್‌ಗಿಂತ ಕಡಿದಾಗಿದ್ರೆ ಸಾಮಾನ್ಯವಾಗಿ ನೀವಿರೋದು ಮೇಲು-ಕೆಳಗು ಸರಿಯಿರೋ ಲಿಂಬ್‌ನಲ್ಲಿ (ಮಡಿಕೆಯ ಒಂದು ಪಕ್ಕ), ಬೆಡ್ಡಿಂಗ್ ಕಡಿದಾಗಿದ್ರೆ ಮಗುಚಿದ ಲಿಂಬ್‌ನಲ್ಲಿ. ಆದ್ರೆ ಒಂದಕ್ಕಿಂತ ಜಾಸ್ತಿ ಸಲ ಮಡಿಚಿರೋ ಕಡೆ ಈ ನಿಯಮ ಕೈಕೊಡತ್ತೆ, ಅದಕ್ಕೇ ಗ್ರೇಡೆಡ್ ಬೆಡ್ಡಿಂಗ್, ಕ್ರಾಸ್ ಬೆಡ್ಡಿಂಗ್, ಪಿಲ್ಲೋ ಲಾವಾದ ಆಕಾರ, ಏನ್ ಸಿಗತ್ತೋ ಅದರಿಂದ ಯಾವ ಕಡೆ ಮೇಲು ಅಂತ ಬೇರೆಯಾಗಿ ನೋಡ್ಕೊಳ್ಳಿ.

ಸಣ್ಣ ಮಡಿಕೆಗಳನ್ನ ಪ್ಲಂಜ್ ಇಳಿಯೋ ಕಡೆ ಮುಖ ಮಾಡಿ ನೋಡಿ, S ಥರ ಇದ್ಯಾ Z ಥರ ಇದ್ಯಾ ಬರ್ಕೊಳ್ಳಿ. ನಡ್ಕೊಂಡು ಹೋಗ್ತಾ Z ಇದ್ದಿದ್ದು S ಆಯ್ತು ಅಂದ್ರೆ ಮಧ್ಯದಲ್ಲಿ ದೊಡ್ಡ ಮಡಿಕೆಯ ಹಿಂಜ್ (ಅತಿ ಹೆಚ್ಚು ಬಾಗಿದ ಭಾಗ) ದಾಟಿದ್ರಿ ಅಂತ, ಅಲ್ಲಿ ಸಣ್ಣ ಮಡಿಕೆಗಳು M ಥರ ಇರ್ತವೆ. ಸಣ್ಣದು ದೊಡ್ಡದರ ಹಾಗೇ ಇರತ್ತೆ ಅಂತ ಭೂವಿಜ್ಞಾನಿ ಪಂಪೆಲ್ಲಿ 1894ರಲ್ಲೇ ಹೇಳಿದ್ದು, ಇವತ್ತಿಗೂ ಫೀಲ್ಡ್‌ನಲ್ಲಿ ಇದಕ್ಕಿಂತ ಉಪಯೋಗದ ಮಾತು ನಂಗೆ ಸಿಕ್ಕಿಲ್ಲ. ಅದಿರಿಗೂ ಇದಕ್ಕೂ ಏನ್ ಸಂಬಂಧ ಅಂತ ಕೇಳೋರಿಗೆ ಆಸ್ಟ್ರೇಲಿಯಾದ ಬೆಂಡಿಗೋ ಉದಾಹರಣೆ ಕೊಡ್ತೀನಿ, ಅಲ್ಲಿ ಚಿನ್ನದ ಕ್ವಾರ್ಟ್ಜ್ ಆಂಟಿಕ್ಲೈನ್ (ಮೇಲಕ್ಕೆ ಉಬ್ಬಿದ ಮಡಿಕೆ) ಹಿಂಜ್‌ಗಳಲ್ಲಿ ಜೀನಿನ ಆಕಾರದಲ್ಲಿ ಒಂದರ ಕೆಳಗೊಂದು ಕೂತಿದೆ, ಹಿಂಜ್ ಯಾವ ಕಡೆ ಓಡತ್ತೋ ಅದಿರೂ ಆ ಕಡೆಗೇ.

ಮೂರನೇ ದಿನ: ಶಿಯರ್ ಝೋನ್, ಇಲ್ಲೇ ಜಾಸ್ತಿ ಹೊತ್ತು ಕೂತ್ಕೊಳ್ಳಿ

ವಾರದಲ್ಲಿ ಒಂದೇ ದಿನ ಚೆನ್ನಾಗಿ ಮಾಡೋಕಾಗೋದು ಅಂದ್ರೆ ಈ ದಿನ ಮಾಡಿ. ಶಿಯರ್ ಝೋನ್ (ಎರಡು ಪಕ್ಕದ ಬಂಡೆ ಒಂದರ ಪಕ್ಕ ಒಂದು ಸರಿದ ಪಟ್ಟಿ) ಯಾವ ಕಡೆ ಸರಿದಿದೆ ಅಂತ ಹೇಳೋಕೆ ಎಲ್ಲರೂ ಆತುರ ಪಡ್ತಾರೆ, ಚಪ್ಪಟೆ ನೆಲದ ಔಟ್‌ಕ್ರಾಪ್ ಮೇಲೆ ನಿಂತು ಬಾಲ ಬಂದಿರೋ ಒಂದು ಫೆಲ್ಡ್‌ಸ್ಪಾರ್ ಕಣ ತೋರಿಸಿ ಡೆಕ್ಸ್‌ಟ್ರಲ್ (ಎದುರಿನ ಪಕ್ಕ ಬಲಕ್ಕೆ ಸರಿದಿದೆ) ಅಂದ್ಬಿಡ್ತಾರೆ. ತಡೀರಿ. ಮೊದಲು ಲಿನಿಯೇಷನ್ ಹುಡುಕಿ. ಫೋಲಿಯೇಷನ್ (ಬಂಡೆಯ ಹಾಳೆಹಾಳೆಯಂಥ ಪದರ) ಬಿಚ್ಕೊಂಡಿರೋ ಕಲ್ಲು ತಗೊಂಡು, ಅದರ ಮುಖವನ್ನ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ, ಒಂದು ಕೋನದಲ್ಲಿ ಸಣ್ಣ ಸಣ್ಣ ಗೆರೆಗಳು ಹೊಳೀತಾವೆ, ಮೈಕಾ ಸಾಲು, ಎಳೆದಂತಾಗಿರೋ ಕ್ವಾರ್ಟ್ಜ್. ಒಣಗಿದ ಕಲ್ಲಲ್ಲಿ ಕಾಣ್ಲಿಲ್ಲ ಅಂದ್ರೆ ನೀರು ಹೊಡೆದು ನೋಡಿ. ಬಂಡೆ ಎಳೆದುಕೊಂಡ ದಿಕ್ಕು ಅದು.

ಚಲನೆಯ ದಿಕ್ಕನ್ನ ಓದಬೇಕಾದ ಮುಖ ಒಂದೇ, ಲಿನಿಯೇಷನ್‌ಗೆ ಸಮಾಂತರವಾಗಿ, ಫೋಲಿಯೇಷನ್‌ಗೆ ಲಂಬವಾಗಿ ಇರೋದು. ಲಿನಿಯೇಷನ್ ನೇರ ಡಿಪ್ ಕೆಳಗೆ ಇಳೀತಿದ್ರೆ ಆ ಮುಖ ಕಡಿದಾದ ಗೋಡೆಯಲ್ಲಿರತ್ತೆ, ನೀವು ನಿಂತಿರೋ ಚಪ್ಪಟೆ ನೆಲದಲ್ಲಿ ಅಲ್ಲ. ನೆಲದ ಮೇಲೆ ಡೆಕ್ಸ್‌ಟ್ರಲ್ ಅಂತ ಕಂಡಿದ್ದು ಏನೂ ಅಲ್ದೇ ಇರ್ಬಹುದು, ನಿಜವಾದ ಚಲನೆ ಒಂದು ಪಕ್ಕ ಮೇಲೆದ್ದಿದ್ದು. ಆ ಗೋಡೆ ಹುಡುಕಿ, ಇಲ್ಲಾಂದ್ರೆ ಓರಿಯೆಂಟ್ ಮಾಡಿದ ಸ್ಯಾಂಪಲ್ ತೆಗೆದು ಸರಿಯಾಗಿ ಕತ್ತರಿಸಿ ನೋಡಿ. ಆ ಮುಖದಲ್ಲಿ S-C ಫ್ಯಾಬ್ರಿಕ್ (ಒಂದಕ್ಕೊಂದು ಓರೆಯಾಗಿ ಕೂಡೋ ಎರಡು ಥರದ ಪದರ), ಕಣಗಳ ಬಾಲ, ಶಿಯರ್ ಬ್ಯಾಂಡ್, ಇವುಗಳಲ್ಲಿ ಕನಿಷ್ಠ ಮೂರ್ನಾಲ್ಕು ಗುರುತು ಒಂದೇ ಮಾತು ಹೇಳೋವರೆಗೆ ಚಲನೆಯ ಬಾಣ ಮ್ಯಾಪ್ ಮೇಲೆ ಹಾಕ್ಬೇಡಿ. ಒಂದೊಂದು ಗುರುತಿಗೂ ಸ್ಕೆಚ್ ಬೇಕು, ಸ್ಕೆಚ್ ಎರಡು ತುದಿಗೂ ದಿಕ್ಕು, ಸ್ಕೇಲು. ಫೋಟೋ ತಗೊಂಡ್ರೂ ಸ್ಕೆಚ್ ಬಿಡ್ಬೇಡಿ, ಕೈಯಲ್ಲಿ ಬಿಡಿಸೋವಾಗ ಮಾತ್ರ ಯಾವ ಗೆರೆ ಯಾವುದನ್ನ ಕತ್ತರಿಸಿದೆ ಅಂತ ತೀರ್ಮಾನ ಮಾಡ್ಲೇಬೇಕಾಗತ್ತೆ.

ನಾಲ್ಕನೇ ದಿನ: ವೇನ್‌ಗೆ ಜಾಗ ಆದದ್ದು ಹೇಗೆ

ದ್ರವ ಹರಿದು ಖನಿಜ ಕೂರ್ಬೇಕು ಅಂದ್ರೆ ಬಂಡೆ ಬಾಯಿ ಬಿಡ್ಬೇಕು. ಎಕ್ಸ್‌ಟೆನ್ಷನ್ ವೇನ್ ಬಾಯಿ ಬಿಡೋದು ಒತ್ತಡ ಎಲ್ಲಕ್ಕಿಂತ ಕಮ್ಮಿ ಇರೋ ದಿಕ್ಕಿಗೆ, ಅಂದ್ರೆ ವೇನ್ ಆ ದಿಕ್ಕಿಗೆ ಲಂಬವಾಗಿ ನಿಲ್ಲತ್ತೆ. ಫಾಲ್ಟ್ (ಬಂಡೆ ಒಡೆದು ಜಾರಿದ ಬಿರುಕು) ಒಂದು ಹೆಜ್ಜೆ ಪಕ್ಕಕ್ಕೆ ಸರಿಯೋ ಕಡೆಗಳನ್ನ ನೋಡಿ, ಡೆಕ್ಸ್‌ಟ್ರಲ್ ಫಾಲ್ಟ್ ಬಲಕ್ಕೆ ಹೆಜ್ಜೆ ಹಾಕಿದ್ರೆ ಅಲ್ಲಿ ಬಾಯಿ ಬಿಡತ್ತೆ, ಎಡಕ್ಕೆ ಹಾಕಿದ್ರೆ ಅದುಮತ್ತೆ. ಎಡಗಡೆ ಸರಿಯೋ ಫಾಲ್ಟ್‌ಗೆ ಇದರ ಉಲ್ಟಾ.

ಚಿನ್ನದ ಎಷ್ಟೋ ಜಾಗಗಳಲ್ಲಿ ಕಡಿದಾದ ರಿವರ್ಸ್ ಶಿಯರ್ (ಮೇಲಿನ ಪಕ್ಕ ಮೇಲಕ್ಕೆ ಸರಿದದ್ದು) ಒಳಗೆ ಪಟ್ಟೆಪಟ್ಟೆ ವೇನ್, ಪಕ್ಕದಲ್ಲಿ ಹೆಚ್ಚುಕಮ್ಮಿ ಚಪ್ಪಟೆ ಮಲಗಿರೋ ವೇನ್, ಎರಡೂ ಒಟ್ಟಿಗೆ ಇರ್ತವೆ. ಕೆನಡಾದ ವಾಲ್ ಡೋರ್ ಕಡೆ ಇದು ತುಂಬಾ ಸ್ಪಷ್ಟ. 1988ರಲ್ಲಿ ಭೂವಿಜ್ಞಾನಿಗಳಾದ ಸಿಬ್ಸನ್, ರಾಬರ್ಟ್, ಪೌಲ್ಸನ್ ಇದನ್ನ ವಿವರಿಸಿದ್ದು ಹೀಗೆ: ಫಾಲ್ಟ್ ಮುಚ್ಕೊಂಡಿದ್ದಾಗ ದ್ರವದ ಒತ್ತಡ ಏರತ್ತೆ, ಚಪ್ಪಟೆ ಬಿರುಕುಗಳು ತೆರೀತವೆ, ಒತ್ತಡ ಮಿತಿ ದಾಟಿದಾಗ ಫಾಲ್ಟ್ ಜಾರಿ ದ್ರವ ಮೇಲಕ್ಕೆ ನುಗ್ಗತ್ತೆ, ಒತ್ತಡ ಬೀಳತ್ತೆ, ಖನಿಜ ಕೂತು ಮತ್ತೆ ಮುಚ್ಕೊಳ್ಳತ್ತೆ, ಮತ್ತೆ ಶುರು. ವಾಲ್ವ್ ಥರ. ಹಾಗಾಗಿ ಚಪ್ಪಟೆ ವೇನ್ ಕಡಿದಾದದ್ದನ್ನ ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ತಾನೇ ಕತ್ತರಿಸ್ಕೊಂಡಿದ್ರೆ ಗಾಬರಿ ಬೇಡ, ಎರಡೂ ಒಂದೇ ಕಾಲದ್ದು ಅನ್ನೋದಕ್ಕೆ ಅದೇ ಸಾಕ್ಷಿ.

ಓರ್ ಶೂಟ್ ವಿಷಯಕ್ಕೆ ಬಂದ್ರೆ ಇಲ್ಲಿ ಎರಡು ಉತ್ತರ ಸಾಧ್ಯ, ಇದನ್ನ ಸರಿಯಾಗಿ ತಲೆಗೆ ತಗೊಳ್ಳಿ. ಬಂಡೆ ಮೆತ್ತಗೆ ಎಳೆದುಕೊಂಡಿರೋ ಕಡೆ ಶೂಟ್ ಲಿನಿಯೇಷನ್ ಅಥವಾ ಮಡಿಕೆಯ ಆಕ್ಸಿಸ್‌ಗೆ ಸಮಾಂತರ ಹೋಗತ್ತೆ. ಬಂಡೆ ಒಡೆದು ಜಾರಿರೋ ಕಡೆ, ಜಾರಿದ ದಿಕ್ಕಿಗೆ ಲಂಬವಾಗಿ ಹೋಗತ್ತೆ, ಯಾಕಂದ್ರೆ ಫಾಲ್ಟ್ ಬಾಗೋ ಗೆರೆ, ಎರಡು ವೇನ್ ಕೂಡೋ ಗೆರೆ ಸಾಮಾನ್ಯವಾಗಿ ಇರೋದು ಆ ದಿಕ್ಕಿಗೆ. ಒಂದೇ ವೇನ್ ಮೇಲೆ ಎರಡಕ್ಕೂ ಮಧ್ಯೆ 90 ಡಿಗ್ರಿ. ಅಂದ್ಕೊಂಡ್ಬಿಡೋ ಹಾಗಿಲ್ಲ, ಅಸ್ಸೇಯನ್ನ ಲಾಂಗ್ ಸೆಕ್ಷನ್ (ವೇನ್ ಉದ್ದಕ್ಕೂ ಆಳದವರೆಗಿನ ನೋಟ) ಮೇಲೆ ಗ್ರೇಡ್ ಗುಣಿಸು ದಪ್ಪ ಅಂತ ಹಾಕಿ ಕಾಂಟೂರ್ ಎಳೆದು, ಲಿನಿಯೇಷನ್ ಪಿಚ್, ಇಂಟರ್‌ಸೆಕ್ಷನ್ ಪಿಚ್ ಎರಡೂ ಅದರ ಮೇಲೆ ಇಟ್ಟು ಯಾವುದಕ್ಕೆ ಹೊಂದತ್ತೆ ಅಂತ ನೋಡ್ಬೇಕು.

ಸಂಜೆ ಕೆಲಸ

ಪ್ರತಿ ದಿನದ ಅಳತೆ ಅದೇ ಸಂಜೆ ಸ್ಟೀರಿಯೋನೆಟ್ ಮೇಲೆ ಬರ್ಬೇಕು. ಮೊದಲೆರಡು ಸಂಜೆ ಕೈಯಲ್ಲೇ ಮಾಡಿ, ಸಮವಿಸ್ತೀರ್ಣದ ಶ್ಮಿಟ್ ನೆಟ್, ಮಧ್ಯೆ ಗುಂಡುಪಿನ್ನು, ಮೇಲೆ ಟ್ರೇಸಿಂಗ್ ಶೀಟ್. ಶೀಟ್ ತಿರುಗಿಸಿ ತಿರುಗಿಸಿ ಪೋಲ್ (ಪ್ಲೇನ್‌ಗೆ ಲಂಬವಾದ ಗೆರೆಯ ಚುಕ್ಕೆ) ಹಾಕೋವಾಗ ಪ್ಲೇನ್ ಗಾಳಿಯಲ್ಲಿ ತಿರುಗೋದು ತಲೆಯಲ್ಲಿ ಕೂರತ್ತೆ, ಆಮೇಲೆ ಸಾಫ್ಟ್‌ವೇರ್ ಬಳಸಿ ಪರ್ವಾಗಿಲ್ಲ. ಬೆಡ್ಡಿಂಗ್ ಪೋಲ್‌ಗಳು ಒಂದು ಬಿಲ್ಲಿನ ಥರ ಸಾಲಾಗಿ ಬಂದ್ರೆ ಆ ಬಿಲ್ಲಿಗೆ ಪೋಲ್ ಯಾವುದೋ ಅದೇ ಮಡಿಕೆಯ ಆಕ್ಸಿಸ್, ಅದರ ಹತ್ರ ನೀವು ಅಳೆದ ಇಂಟರ್‌ಸೆಕ್ಷನ್ ಲಿನಿಯೇಷನ್ ಬಿದ್ದಿದ್ಯಾ ನೋಡಿ. ಬಿದ್ದಿಲ್ಲ ಅಂದ್ರೆ ಮರುದಿನ ಬೆಳಿಗ್ಗೆ ಅದೇ ಔಟ್‌ಕ್ರಾಪ್‌ಗೆ ವಾಪಸ್ ಹೋಗಿ.

ಐದನೇ ದಿನ: ಮ್ಯಾಪ್

1:1000 ಸ್ಕೇಲಲ್ಲಿ ಮ್ಯಾಪ್ ಮಾಡಿ. 2 ಮೀಟರ್ ಅಗಲದ ವೇನ್ ಇದರಲ್ಲಿ 2 ಮಿಲಿಮೀಟರ್ ಬರತ್ತೆ, 1:5000ದಲ್ಲಿ ಪೆನ್ಸಿಲ್ ಗೆರೆಯೊಳಗೇ ಮುಳುಗಿಹೋಗತ್ತೆ. ಕಂಡ ಬಂಡೆಯ ಅಂಚು ಮಾತ್ರ ಗಾಢ ಬಣ್ಣ, ಮಧ್ಯದ ಮಣ್ಣು ಮುಚ್ಚಿದ ಜಾಗ ತೆಳು. ಕಂಡ ಗಡಿ ಪೂರ್ತಿ ಗೆರೆ, ಅಂದಾಜು ತುಂಡು ಗೆರೆ, ಊಹೆ ಚುಕ್ಕೆ. ಒಂದು ವರ್ಷ ಆದ್ಮೇಲೆ ಆ ಮ್ಯಾಪ್ ನೋಡೋರಿಗೆ ನೀವು ಕಣ್ಣಾರೆ ನೋಡಿದ್ದು ಯಾವುದು, ಊಹಿಸಿದ್ದು ಯಾವುದು ಅಂತ ಬೇರೆ ಮಾಡೋಕಾಗ್ಬೇಕು. ಕ್ರಾಸ್ ಸೆಕ್ಷನ್ನು ಫೀಲ್ಡ್‌ನಲ್ಲೇ ಬಿಡಿಸಿ. ಮುಂದಿನ ಔಟ್‌ಕ್ರಾಪ್‌ಗೆ ಹೋಗೋ ಮುಂಚೆ ಅಲ್ಲಿ ಏನಿರ್ಬೇಕು ಅಂತ ಒಂದು ಸಾಲು ಬರೆದಿಡಿ, ಬೆಡ್ಡಿಂಗ್ ಪಶ್ಚಿಮಕ್ಕೆ, ಸಣ್ಣ ಮಡಿಕೆ S, ಹಿಂಗೆ. ತಪ್ಪಾದ್ರೆ ಖುಷಿ ಪಡಿ, ಮಧ್ಯದಲ್ಲಿ ಒಂದು ಹಿಂಜೋ ಫಾಲ್ಟೋ ಸಿಕ್ತು ಅಂತ.

ಆರನೇ ದಿನ: ಕೋರ್

ಓರಿಯೆಂಟೆಡ್ ಕೋರ್ (ನೆಲದೊಳಗೆ ಯಾವ ಬದಿ ಎಲ್ಲಿತ್ತು ಅಂತ ಗುರುತು ಹಾಕಿದ ಕೋರ್) ಮೇಲಿನ ಗೆರೆ ಎಷ್ಟು ನಂಬಿಕಸ್ತ ಅಂತ ಮೊದಲು ನೋಡಿ, ಒಂದು ರನ್‌ನ (ಒಂದು ಸಲಕ್ಕೆ ಹೊರತೆಗೆದ ಕೋರ್) ಗೆರೆ ಮುಂದಿನ ರನ್‌ನ ಗೆರೆಗೆ ಕೂಡ್ಬೇಕು. ನಾನು 10 ಡಿಗ್ರಿಗಿಂತ ಜಾಸ್ತಿ ಸರಿದಿದ್ರೆ ಆ ಭಾಗದ ಬೀಟಾ ಬಳಸಲ್ಲ. ಆಲ್ಫಾ ಅಂದ್ರೆ ಕೋರ್ ಆಕ್ಸಿಸ್‌ಗೂ ಪ್ಲೇನ್‌ಗೂ ಮಧ್ಯದ ಕೋನ, ಬೀಟಾ ಅಂದ್ರೆ ಹೋಲ್ ಕೆಳಗಡೆ ನೋಡ್ತಾ ಓರಿಯೆಂಟೇಷನ್ ಗೆರೆಯಿಂದ, ಪ್ಲೇನ್ ಕೋರ್ ಮೇಲೆ ಮೂಡಿಸೋ ಎಲಿಪ್ಸ್‌ನ ಕೆಳ ತುದಿವರೆಗೆ ಗಡಿಯಾರದ ದಿಕ್ಕಿಗೆ. ಗೆರೆ ಹೋಲಿನ ತಳದ್ದಾ ಮೇಲಿನದ್ದಾ ಅನ್ನೋದು ಪ್ರತಿ ಲಾಗ್ ಶೀಟ್ ಮೇಲೂ ಇರ್ಬೇಕು, ಅದು ಉಲ್ಟಾ ಆದ್ರೆ ಬೀಟಾ 180 ತಪ್ಪು, ಎಲ್ಲಾ ಪ್ಲೇನ್ ಬೇರೆ ಕಡೆಗೆ ವಾಲ್ತವೆ.

ಒಂದು ಬಕೆಟ್ ಮರಳು ತಗೊಂಡು ಕೋರ್ ತುಂಡನ್ನ ಹೋಲಿನ ದಿಕ್ಕು, ಹೋಲಿನ ಓರೆ, ಗೆರೆ ಕೆಳಗೆ ಬರೋ ಹಾಗೆ ನೆಟ್ಟು ನಿಲ್ಲಿಸಿ, ವೇನ್ ಪ್ಲೇನ್‌ಗೆ ಒಂದು ರಟ್ಟು ಹಿಡಿದು ನೇರ ಕಂಪಾಸಲ್ಲೇ ಅಳೀರಿ. ಸಾಫ್ಟ್‌ವೇರ್ ಕೊಟ್ಟ ಉತ್ತರಕ್ಕೆ ಹೋಲಿಸಿ, ದಿನಕ್ಕೆ ಎರಡು ಸಲ ಮಾಡಿದ್ರೂ ಸಾಕು ದೊಡ್ಡ ತಪ್ಪು ಸಿಕ್ಕಿಬೀಳತ್ತೆ. ದಪ್ಪದ ಲೆಕ್ಕ ಮರೀಬೇಡಿ, ಕೋರ್‌ನಲ್ಲಿ 10 ಮೀಟರ್ ವೇನ್, ಆಲ್ಫಾ 30 ಅಂದ್ರೆ ನಿಜವಾದ ದಪ್ಪ 5 ಮೀಟರ್ರೇ. ಫೋಲಿಯೇಷನ್ ಮೇಲೆ ಲಿನಿಯೇಷನ್ ಕಂಡ್ರೆ ಗಾಮಾನೂ (ಆ ಪ್ಲೇನ್ ಮೇಲೆ ಎಲಿಪ್ಸ್‌ನ ಉದ್ದ ಅಕ್ಷದಿಂದ ಲಿನಿಯೇಷನ್‌ವರೆಗಿನ ಕೋನ) ಅಳೀರಿ, ಬಹಳ ಜನ ಬಿಡೋದು ಇದನ್ನೇ, ಶೂಟ್ ಯಾವ ಕಡೆ ಅಂತ ಹೇಳೋ ನಂಬರ್ರೂ ಇದೇ.

ಕೊನೇ ದಿನ: ಒಂದು ಹೋಲ್ ಹಾಕಿ

ಕೊನೇ ದಿನ ಪರೀಕ್ಷೆ ಬೇಡ, ಪ್ರತಿ ಜೋಡಿಗೂ ಒಂದೇ ಒಂದು ಡ್ರಿಲ್ ಹೋಲ್ ಕೊಡಿ. ಕಾಲರ್ (ಹೋಲ್ ಶುರುವಾಗೋ ಜಾಗ) ಎಲ್ಲಿ, ಆಜಿಮತ್ (ಹೋಲಿನ ದಿಕ್ಕು) ಎಷ್ಟು, ಓರೆ ಎಷ್ಟು, ಎಷ್ಟನೇ ಮೀಟರ್‌ಗೆ ವೇನ್ ಸಿಗತ್ತೆ, ಆಲ್ಫಾ ಎಷ್ಟು ಬರತ್ತೆ, ಇಷ್ಟನ್ನ ಔಟ್‌ಕ್ರಾಪ್ ಮೇಲೆ ನಿಂತು, ಮ್ಯಾಪ್, ಲಾಂಗ್ ಸೆಕ್ಷನ್ ಕೈಯಲ್ಲಿ ಹಿಡಿದು ಹೇಳ್ಬೇಕು. ಕೇಳೋರು ಒಂದೇ ಪ್ರಶ್ನೆ ಹಿಡಿದು ಕೇಳಿ, ನಿಮ್ಮ ಪ್ಲಂಜ್ ತಪ್ಪು ಅಂತ ನೀವೇ ಒಪ್ಕೋಬೇಕಾದ್ರೆ ಆ ಕೋರ್‌ನಲ್ಲಿ ಏನು ಕಾಣ್ಬೇಕು? ಅದಕ್ಕೆ ಉತ್ತರ ಇಲ್ಲದ ಜೋಡಿ ಮತ್ತೆ ಲಿನಿಯೇಷನ್ ಅಳೆಯೋಕೆ ಹೋಗ್ಲಿ, ಇನ್ನೂ ಬೆಳಕಿರತ್ತೆ.

ಕೆಲಸಕ್ಕೆ ವಾಪಸ್ ಹೋದ ಮೊದಲ್ನೇ ವಾರಾನೇ ನಿಮ್ಮ ಪ್ರಾಜೆಕ್ಟ್‌ನ ಹಳೇ ಹೋಲ್‌ಗಳಲ್ಲಿ ಗ್ರೇಡ್ ಬಂದಿದ್ದು ಒಂದು, ವೇನ್ ಸಿಕ್ಕಿ ಗ್ರೇಡ್ ಬರದೇ ಇದ್ದಿದ್ದು ಎರಡು ಆರಿಸಿ, ಟ್ರೇ ಹೊರಗೆ ತೆಗೆಸಿ, ನೀರು ಹೊಡೆದು ಲಿನಿಯೇಷನ್ ಇದ್ಯಾ ಅಂತ ನೋಡಿ.